ದಿಬ್ಬ ತೆರೆಯುವ ದಿನ

ನುಂಗ್ವಿ
ಮೇ 12, ಭಾನುವಾರ

ಅಮ್ಮಾ, ಸಲಾಂ.

ಕಾಗದ ಕಂಡು ಗಾಬರಿ ಬೀಳಬೇಡ, ನನಗೇನೂ ಆಗಿಲ್ಲ. ಇಲ್ಲಿ ನಮ್ಮೆಲ್ಲರ ಫೋನು ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಹೋಟೆಲು ತೆರೆಯುವ ತನಕ ಶೆಫ್ ವರ್ಮಾರ್ಕ್ ಅವರ ಅಡುಗೆಯ ಗುಟ್ಟು ಹೊರಗೆ ಹೋಗಕೂಡದಂತೆ. ಫೋನಿದ್ದರೂ ಏನು ಮಾಡುತ್ತಿದ್ದೆ? ನಿನ್ನದು ರಂಜಾನಿಗೆ ಮುಂಚೆಯೇ ಮಡಿಲಿನಿಂದ ಜಾರಿ ಸಮುದ್ರ ಸೇರಿತಲ್ಲ. ನಮಗೆ ತರಕಾರಿ ತರುವವನು ಇದನ್ನು ಪಟ್ಟಣದ ಮಾರುಕಟ್ಟೆಯಲ್ಲಿ ಮಕಾಮೆ ಮಾವನ ಕೈಗೆ ಕೊಡುತ್ತಾನೆ, ಮಾವ ತನ್ನ ಗಾಡಿಯಲ್ಲಿ ಊರಿಗೆ ತರುತ್ತಾನೆ. ಲಕೋಟೆಯ ಅಂಟು ಬಿಚ್ಚಿದೆಯೋ ಏನೋ ಮೊದಲು ನೋಡು. ಮಾವನಿಗೆ ಪರರ ಸುದ್ದಿ ಎಂದರೆ ಊಟಕ್ಕಿಂತ ರುಚಿ.

ಶೆಫ್ ಬಂದು ಹತ್ತು ದಿನವಾಯಿತು. ಟಿ.ವಿ.ಯಲ್ಲಿ ಕಾಣುವುದಕ್ಕಿಂತ ಕುಳ್ಳ. ಬೇರೆ ಬೇರೆ ದೇಶಗಳಲ್ಲಿ ಹನ್ನೊಂದು ಹೋಟೆಲು ಇಟ್ಟಿದ್ದಾರಂತೆ, ನಮ್ಮ ದ್ವೀಪದ್ದು ಹನ್ನೆರಡನೆಯದು. ಮೊನ್ನೆ ಇಪ್ಪತ್ತೆರಡು ಜನ ಅಡುಗೆಯವರನ್ನೂ ಸಾಲಾಗಿ ನಿಲ್ಲಿಸಿ, "ನಿಮ್ಮ ನಿಮ್ಮ ಮನೇಲಿ ಮಾಡೋದನ್ನ ಮಾಡಿ ತೋರ್ಸಿ" ಎಂದರು. ನಾನು ತೆಂಗಿನ ಹಾಲಿನಲ್ಲಿ ಆಕ್ಟೋಪಸ್ ಬೇಯಿಸಿದೆ, ನೀನು ಮಾಡುವ ಹಾಗೆಯೇ, ಕೊನೆಗೆ ನಿಂಬೆ ಹಿಂಡಿ. ಅವರು ನಿಂತೇ ತಿಂದರು. ಪಾತ್ರೆಯ ತಳ ಕೆರೆದು ಚಮಚ ನೆಕ್ಕಿದರು, ಅಮ್ಮ, ಆಣೆ ಮಾಡಿ ಹೇಳುತ್ತೇನೆ.

"ಯಾರು ಕಲ್ಸಿದ್ದು?"

"ನಮ್ಮಮ್ಮ, ಶೆಫ್."

"ಯಾವ ಹೋಟೆಲಲ್ಲಿದ್ದಾರೆ?"

"ಸಮುದ್ರದಲ್ಲಿದ್ದಾರೆ, ಶೆಫ್."

ಎಲ್ಲರೂ ಗೊಳ್ಳೆಂದು ನಕ್ಕರು. ಅವರು ನಗಲಿಲ್ಲ. ಈ ಅಡುಗೆಗೆ ದೊಡ್ಡ ಆಕ್ಟೋಪಸ್ ಬೇಕು, ಮಾರುಕಟ್ಟೆಯಲ್ಲಿ ಸಿಗುವುದೆಲ್ಲ ಮುಷ್ಟಿಯಷ್ಟು ಎಂದರು. ನಾನು ತಡೆಯಲಾರದೆ ಹೇಳಿಬಿಟ್ಟೆ: ನಮ್ಮೂರ ಹೆಂಗಸರು ಹವಳದ ದಿಬ್ಬವನ್ನು ಮೂರು ತಿಂಗಳು ಮುಚ್ಚಿಡುತ್ತಾರೆ, ಒಬ್ಬರೂ ಆಕ್ಟೋಪಸ್ ಬಿಲಕ್ಕೆ ಕೋಲು ಹಾಕುವುದಿಲ್ಲ, ತೆರೆದ ದಿನ ಸಿಗುವವು ಬಕೆಟ್ಟಿನಲ್ಲಿ ಹಿಡಿಸುವುದಿಲ್ಲ, ದಿಬ್ಬದ ಸಮಿತಿಗೆ ನಮ್ಮಮ್ಮನೇ ಅಧ್ಯಕ್ಷೆ ಎಂದು. "ಯಾವತ್ತು ತೆರೀತಾರೆ?" ಎಂದರು. ಕೇಳಿ ಹೇಳುತ್ತೇನೆ ಎಂದೆ.

ಯಾವತ್ತು, ಅಮ್ಮ? ಬೇಗ ಬರೆ. ಆಕ್ಟೋಪಸ್ ಒಲೆಗೆ ಒಬ್ಬಳನ್ನು ಮುಖ್ಯಸ್ಥೆ ಮಾಡುತ್ತಾರೆ. ಆ ಜಾಗ ಸಿಕ್ಕವರಿಗೆ ಇಲ್ಲೇ ಎರಡು ಕೋಣೆಯ ಮನೆ ಕೊಡುತ್ತಾರೆ. ನನ್ನ ಕೂಸು ರುಜುನಾಳನ್ನು ಊರಿಂದ ಕರೆತಂದು ನನ್ನ ಹತ್ತಿರವೇ ಇಟ್ಟುಕೊಳ್ಳಬಹುದು. ತಲಾಖಾಗಿ ನಾಲ್ಕು ವರ್ಷ, ಅವಳು ನನ್ನನ್ನು ಮನೆಗೆ ಬಂದ ನೆಂಟರನ್ನು ನೋಡಿದ ಹಾಗೆ ನೋಡುತ್ತಾಳೆ. ಅದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿದೆ, ಬೇರೇನೂ ಇಲ್ಲ.

ನಿನ್ನ ಮಗಳು,
ಜಮ್ದಾ


ಮ್ವಾಂಬಾನಿ
ಮೇ 19

ಜಮ್ದಾ,

ಸಮುದ್ರದಲ್ಲಿದ್ದಾರೆ ಎಂದೆಯಾ? ಮುಳುಗಿ ಸತ್ತಳು ಎಂದುಕೊಂಡಿರಬೇಕು ಪಾಪ, ಅದಕ್ಕೇ ನಗಲಿಲ್ಲ.

ಲಕೋಟೆಯ ಅಂಟು ಬಿಚ್ಚಿತ್ತು. ಮಕಾಮೆಯನ್ನು ಕೇಳಿದೆ. "ಸೆಕೆಗೆ ತಾನೇ ಬಿಟ್ಕೊಂಡಿದೆ ಅಕ್ಕ" ಎಂದ. ಆಮೇಲೆ ಅವನೇ, "ಆ ಎರಡು ಕೋಣೆ ಮನೆಗೆ ಕರೆಂಟ್ ಪುಕ್ಕಟೆಯಂತಾ?" ಎಂದು ಕೇಳಿದ.

ನೀನು ಕೇಳಿದ್ದಕ್ಕೆ ಉತ್ತರ: ಜುಲೈ ಹುಣ್ಣಿಮೆಯ ಮಾರನೆ ದಿನ, 22ನೇ ತಾರೀಖು ಸೋಮವಾರ, ಬೆಳಗಿನ ನೀರಿಳಿತಕ್ಕೆ. ನಿಮ್ಮ ಶೆಫ್ ಜನ ಕಳಿಸಲಿ, ಎಲ್ಲರಂತೆ ದಡದಲ್ಲಿ ನಿಂತು ಕೊಳ್ಳಲಿ, ಬೇಡವೆನ್ನುವವರು ಯಾರು? ಆದರೆ ಬಿಡಿಸಿ ಹೇಳುತ್ತೇನೆ, ಚೆನ್ನಾಗಿ ಕೇಳು. ಇಪ್ಪತ್ತೆರಡು ಎನ್ನುವುದು ನಾವು ಅಂದುಕೊಂಡ ದಿನ. ಅದಕ್ಕೆ ಮುಂಚಿನ ಅಮಾವಾಸ್ಯೆಯ ಇಳಿತದಲ್ಲಿ ಸಮಿತಿಯ ನಾವು ಮೂವರು ಹೋಗಿ ಬಿಲಗಳನ್ನು ನೋಡಿ ಬರುವ ತನಕ ಅದು ಬರೀ ಬಾಯಿಮಾತು. ಇದು ನಿನಗೆ ಗೊತ್ತಿರುವುದೇ. ಅವರಿಗೂ ಹೇಳು.

ಈ ಸಲ ಕಾಯುವುದು ಕಷ್ಟವಾಗಿದೆ. ಪಕ್ಕದೂರಿನ ಇಬ್ಬರು ಕೋಲು ಹಿಡಿದು ಬಂದಿದ್ದರು. ನಾನು ಸೊಂಟಕ್ಕೆ ಕಾಂಗಾ ಬಟ್ಟೆ ಬಿಗಿದು ನೀರಿಗಿಳಿದು ಹೋಗಿ, "ಏನ್ರಪ್ಪಾ, ಬೇಕಾದ್ರೆ ನನ್ನ ಕಾಲಿಗೆ ಚುಚ್ಚಿ, ಕಲ್ಲಿಗೆ ಚುಚ್ಬೇಡಿ" ಎಂದೆ. ಹೋದರು. ಮೂರು ದಿನ ಮಂಡಿ ನೋವು.

ರುಜುನಾ ನಿನ್ನ ಕಾಗದದಲ್ಲಿ ತನ್ನ ಹೆಸರು ಎಲ್ಲಿದೆ ಎಂದು ತೋರಿಸಿಕೊಂಡು ಅದರ ಮೇಲೆ ಬೆರಳಿಟ್ಟು ಕೂತಿದ್ದಳು. ಅಳುವುದಿಲ್ಲ ಅವಳು, ನಿನ್ನ ಹಾಗಲ್ಲ.

ನಿನ್ನ ಅಮ್ಮ,
ಮೀಜೆ


ನುಂಗ್ವಿ
ಜೂನ್ 5

ಅಮ್ಮಾ,

ಕೂತು ಓದು. ಕೂತೆಯಾ?

ಹೋಟೆಲು ತೆರೆಯುವ ದಿನ ಜುಲೈ 22! ನಮ್ಮ ದಿಬ್ಬದ ದಿನವೇ! ಬೆಳಿಗ್ಗೆ ಮ್ವಾಂಬಾನಿಯ ಹೆಂಗಸರು ದಿಬ್ಬ ತೆರೆಯುತ್ತಾರೆ, ಸೂರ್ಯ ಮುಳುಗುವ ಹೊತ್ತಿಗೆ ಅದೇ ಆಕ್ಟೋಪಸ್ ತಟ್ಟೆಯ ಮೇಲೆ. ಆಹ್ವಾನದ ಕಾರ್ಡೇ ಹಾಗೆ ಅಚ್ಚಾಗಿದೆ, ಚಿನ್ನದ ಬಣ್ಣದ ಅಕ್ಷರದಲ್ಲಿ. ದೂರದ ದೇಶಗಳಿಂದ ನೂರ ಇಪ್ಪತ್ತು ಜನ ವಿಮಾನದಲ್ಲಿ ಬರುತ್ತಾರೆ, ಟಿ.ವಿ.ಯವರು ಬೇರೆ. ಊಟದ ಪಟ್ಟಿಯಲ್ಲಿ ನನ್ನ ಹೆಸರಿದೆ, ಅಮ್ಮ. "ಜಮ್ದಾಳ ಆಕ್ಟೋಪಸ್, ಅವಳ ತಾಯಿಯ ದಿಬ್ಬದಿಂದ." ನಾನು ಅದನ್ನು ಓದಿ ಪಾತ್ರೆ ತೊಳೆಯುವ ಕೋಣೆಗೆ ಹೋಗಿ ಅತ್ತುಬಿಟ್ಟೆ.

ಅಡುಗೆಯ ಅವಸ್ಥೆ ಕೇಳಬೇಡ. ಚೀಲದೊಳಗೆ ಕಟ್ಟಿ ಉಗುರುಬೆಚ್ಚಗಿನ ನೀರಲ್ಲಿ ಒಂಬತ್ತು ತಾಸು ಮುಳುಗಿಸಿಡುವುದು, ಆಮೇಲೆ ಕೆಂಡಕ್ಕೆ ತೋರಿಸುವುದು. ಕೊನೆಗೆ ಮೂರೇ ಮೂರು ತುಂಡು, ತಟ್ಟೆ ಮಾತ್ರ ರುಜುನಾ ಮಲಗುವಷ್ಟು. ನಾವು ಮೊದಲು ಬಂಡೆಗೆ ನಲವತ್ತು ಸಲ ಬಡಿಯುತ್ತೇವೆ ಎಂದು ಹೇಳಿದ್ದಕ್ಕೆ ಶೆಫ್ ಹಿಗ್ಗಿಹೋಗಿ, "ಅತಿಥಿಗಳ ಎದುರೇ ಬಡಿಯೋಣ, ಬಂಡೆ ತರ್ಸಿ" ಎಂದರು. ಬಂಡೆ ಬಂದಿದೆ. ಅದನ್ನು ನಾಲ್ವರು ಸೇರಿ ಸೋಪು ಹಾಕಿ ತೊಳೆದರು.

ಒಂದು ಮಾತು ಮುಚ್ಚಿಡಲಾರೆ. ನೀನು ಬರೆದೆಯಲ್ಲ, ಮೂವರು ನೋಡಿ ಬರುವ ತನಕ ಬಾಯಿಮಾತು ಎಂದು, ಅದನ್ನು ನಾನು ಅವರಿಗೆ ಹೇಳಲಿಲ್ಲ. ತುದಿ ನಾಲಿಗೆಯ ತನಕ ಬಂದಿತ್ತು. ಅಷ್ಟರಲ್ಲಿ ಅವರು ಎಲ್ಲರ ಮುಂದೆ ನನ್ನ ಕೈ ಕುಲುಕಿ, "ಈ ಹುಡುಗಿ ನಮಗೆ ದಿನ ಕೊಟ್ಟಳು" ಎಂದರು. ಹೇಗೆ ಹೇಳಲಿ? ಯಾವ ವರ್ಷವೂ ತಪ್ಪಿಲ್ಲ, ಈ ವರ್ಷ ಯಾಕೆ ತಪ್ಪುತ್ತದೆ ಎಂದುಕೊಂಡೆ. ಅವತ್ತಿನಿಂದ ನಿದ್ದೆ ಬರುತ್ತಿಲ್ಲ.

ಜಮ್ದಾ


ಮ್ವಾಂಬಾನಿ
ಜೂನ್ 12

ಜಮ್ದಾ,

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಿರಾ? ಅದೂ ಚಿನ್ನದ ದಾರದಲ್ಲಿ?

ನಿನಗೆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು? ದಿಬ್ಬ ನನ್ನ ಹಿತ್ತಲಲ್ಲ. "ಅವಳ ತಾಯಿಯ ದಿಬ್ಬ" ಎಂದು ಅಚ್ಚು ಹಾಕಿಸಿದ್ದಾರಂತೆ, ಅದನ್ನು ಸಮಿತಿಯ ತಾತು ಕೇಳಿದರೆ ನನ್ನ ಚರ್ಮ ಸುಲಿಯುತ್ತಾಳೆ ಎಂದುಕೊಂಡೆ. ಆದರೆ ಅವಳು ಆಗಲೇ ಕೇಳಿಯಾಗಿತ್ತು, ಮಕಾಮೆ ಇದ್ದಾನಲ್ಲ. ಸುಲಿಯಲಿಲ್ಲ. ಬಾವಿಕಟ್ಟೆಯ ಹತ್ತಿರ ನನ್ನನ್ನು ಅಪ್ಪಿಕೊಂಡು, "ನಿನ್ನ ಮಗಳು ನಮಗೆಲ್ಲ ದಾರಿ ಮಾಡ್ಕೊಟ್ಳು ಕಣೇ ಮೀಜೆ, ಈ ಸಲ ದಲ್ಲಾಳಿಗಳ ಮುಸುಡಿ ನೋಡೋ ಹಾಗಿಲ್ಲ" ಎಂದಳು. ಹೆಂಗಸರೆಲ್ಲ ಈಗಲೇ ಲೆಕ್ಕ ಹಾಕಿಕೊಂಡು ಕೂತಿದ್ದಾರೆ, ಒಬ್ಬಳು ಮನೆಯ ಮಾಡಿಗೆ ತಗಡು ಕೊಳ್ಳುತ್ತಾಳಂತೆ, ಒಬ್ಬಳು ಮಗನ ಮದುವೆ ಮಾಡುತ್ತಾಳಂತೆ. ನನಗೆ ಕೇಳಿ ಖುಷಿಯೂ ಆಗುತ್ತದೆ, ಭಯವೂ ಆಗುತ್ತದೆ.

ನಾಳೆಯೇ ನಿನ್ನ ಶೆಫ್ ಹತ್ತಿರ ಹೋಗಿ ಉಳಿದ ಮಾತನ್ನೂ ಹೇಳು. ಬೈದರೆ ಬೈಸಿಕೋ.

ಹಬ್ಬಕ್ಕೆ ಬರುತ್ತೀಯಾ? ರುಜುನಾಳ ಮುಂದಿನ ಹಲ್ಲು ಬಿದ್ದಿದೆ. ಹಲ್ಲು ಬರುವ ಮುಂಚೆ ಬಂದರೆ ನೋಡಬಹುದು, ನಗುವಾಗ ಥೇಟ್ ನಿನ್ನ ಅಜ್ಜಿ. ಆ ಊಟದ ಪಟ್ಟಿ ಒಂದು ಕಳಿಸು. ನಿನ್ನ ಹೆಸರು ಅಚ್ಚಾಗಿರುವುದನ್ನು ನೋಡಬೇಕು.

ಅಮ್ಮ


ಮ್ವಾಂಬಾನಿ
ಜುಲೈ 7

ಜಮ್ದಾ,

ಹಬ್ಬಕ್ಕೆ ನೀನು ಬರಲಿಲ್ಲ, ಕಾಗದವೂ ಬರಲಿಲ್ಲ. ಪಟ್ಟಿ ಮಾತ್ರ ಬಂತು. ಗೋಡೆಗೆ ಅಂಟಿಸಿದ್ದೇನೆ.

ಈಗ ಹೇಳುವುದನ್ನು ಗಟ್ಟಿಮನಸ್ಸು ಮಾಡಿ ಓದು. ನಿನ್ನೆ ಇಳಿತಕ್ಕೆ ನಾನು, ತಾತು, ಮ್ವಾಶಾ ಮೂವರೂ ದಿಬ್ಬಕ್ಕೆ ಹೋಗಿದ್ದೆವು. ಇಪ್ಪತ್ತು ಬಿಲ ನೋಡಿದೆವು. ಒಂಬತ್ತರಲ್ಲಿ ಮೊಟ್ಟೆಗಳಿವೆ. ತಾಯಿ ಬಾಗಿಲಿಗೆ ಕಲ್ಲು ಅಡ್ಡ ಇಟ್ಟುಕೊಂಡು ಒಳಗೆ ಕೂತಿದೆ. ಮೇಲಿನಿಂದ ಅಕ್ಕಿ ಪೋಣಿಸಿದ ಹಾಗೆ ಮೊಟ್ಟೆಯ ಸರಗಳು. ನನ್ನ ಜನ್ಮದಲ್ಲಿ ಈ ತಿಂಗಳಲ್ಲಿ ಇಷ್ಟೊಂದು ಕಂಡಿಲ್ಲ. ನೀರು ಈ ವರ್ಷ ಬೆಚ್ಚಗಿತ್ತು, ಅದಕ್ಕೋ ಏನೋ, ಅಲ್ಲಾಹನೇ ಬಲ್ಲ.

ತಾತು ಹೇಳಿದಳು, "ಉಳಿದ ಹನ್ನೊಂದು ಇದ್ಯಲ್ಲ, ಅದನ್ನ ಹಿಡಿಯೋಣ."

"ಅವತ್ತು ಮುನ್ನೂರು ಜನ ಬರ್ತಾರೆ ತಾತು. ಕೋಲು ಹಾಕೋರು ಒಳಗೆ ಬಾಣಂತಿ ಇದ್ದಾಳಾ ಅಂತ ಕೇಳಿ ಹಾಕ್ತಾರಾ?"

ಸಂಜೆ ಸಭೆಯಲ್ಲಿ ಕೂಗಾಟವೋ ಕೂಗಾಟ. ತಗಡಿನವಳು ಅತ್ತಳು. ನಾನು ಒಂದೇ ಮಾತು ಹಿಡಿದೆ: ಈಗ ತೆರೆದರೆ ಮುಂದಿನ ವರ್ಷ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಮೂವತ್ತು ವರ್ಷದಿಂದ ನನ್ನ ಮಾತು ಸುಳ್ಳಾಗಿಲ್ಲ ಎಂದು ಕೊನೆಗೆ ಒಪ್ಪಿದರು. ಮನಸ್ಸಿನಿಂದ ಒಪ್ಪಲಿಲ್ಲ, ನನ್ನ ಮೇಲೆ ಭಾರ ಹಾಕಿ ಒಪ್ಪಿದರು. ದಿಬ್ಬ ತೆರೆಯುವುದು ಆಗಸ್ಟ್ 20ಕ್ಕೆ.

ಹದಿನೈದು ದಿನ ಸಮಯವಿದೆ. ಈ ಕಾಗದ ಮುಟ್ಟಿದ ತಕ್ಷಣ ಶೆಫ್‌ಗೆ ಹೇಳು. ತಪ್ಪು ನಿನ್ನದು, ಸಿಟ್ಟು ನನ್ನ ಮೇಲೆ ಮಾಡಿಕೋ, ನಾನು ತಡೆದುಕೊಳ್ಳುತ್ತೇನೆ.

ಅಮ್ಮ


ನುಂಗ್ವಿ
ಜುಲೈ 10

ಅಮ್ಮ,

ಹೇಳಿದೆ. ಅವರು ಬೈಯಲಿಲ್ಲ. ಅದೇ ನನಗೆ ಭಯ. ನನ್ನನ್ನು ನೋಡದೆ ಪಕ್ಕದವರಿಗೆ, "ಈ ಹುಡುಗೀನ ಯಾರು ಆರಿಸಿದ್ದು?" ಎಂದು ಕೇಳಿದರು. ಆರಿಸಿದ್ದು ಅವರೇ. ಆಮೇಲೆ ನನ್ನ ಕಡೆ ತಿರುಗಿ, "ಆಕ್ಟೋಪಸ್ ಬಂದ್ರೆ ಜಾಗ ನಿನ್ನದು, ಬರದಿದ್ರೆ ಬ್ಯಾಗ್ ಕಟ್ಕೋ" ಎಂದರು.

ಅಮ್ಮ, ನಲವತ್ತೇ ನಲವತ್ತು. ಊರಿಗೆಲ್ಲ ತೆರೆಯಬೇಡ. ಮೊಟ್ಟೆ ಇಲ್ಲದ ಬಿಲ ಯಾವುದು ಎಂದು ನಿನಗೆ ಗೊತ್ತು, ನೀನೊಬ್ಬಳೇ ಹೋಗು, ಒಂದು ಬೆಳಿಗ್ಗೆ ಸಾಕು. ಯಾರು ನೋಡುತ್ತಾರೆ? ಕಾಯುವವಳೇ ನೀನು. ನಾನು ಇದುವರೆಗೆ ನಿನ್ನ ಹತ್ತಿರ ಏನು ಕೇಳಿದ್ದೇನೆ? ಗಂಡ ಬಿಟ್ಟು ಬಂದಾಗ ಕೂಡ ಒಂದು ಚಾಪೆ ಬಿಟ್ಟು ಏನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ನಿನ್ನ ಕಾಲು ಹಿಡಿದು ಕೇಳುತ್ತಿದ್ದೇನೆ.

ಅವು ಹೆತ್ತರೆ ನಿನಗೆ ಕರುಳು ಚುರ್ ಎನ್ನುತ್ತದೆ. ನಾನು ಹೆತ್ತವಳಲ್ಲವಾ? ನನ್ನ ಮಗುವನ್ನು ನಾನು ಹತ್ತಿರ ಇಟ್ಟುಕೊಳ್ಳಬಾರದಾ?

ಉತ್ತರ ಬರೆಯಬೇಡ. ಆಕ್ಟೋಪಸ್ ಕಳಿಸು.

ಜಮ್ದಾ


ಮ್ವಾಂಬಾನಿ
ಜುಲೈ 13

ಜಮ್ದಾ,

ನಿನ್ನ ಕಾಗದ ಮೂರು ಸಲ ಓದಿದೆ. ಒಂದು ಸಲ ನೀರಿನ ಅಂಚಿನ ತನಕವೂ ಹೋದೆ, ಕೈಯಲ್ಲಿ ಕೋಲಿತ್ತು. ಯಾರೂ ಇರಲಿಲ್ಲ.

ಆಗುವುದಿಲ್ಲ.

ನಿಮ್ಮ ಹೋಟೆಲಿನವರು ನಿನ್ನೆ ದೊಡ್ಡ ಕಾರಿನಲ್ಲಿ ಬಂದಿದ್ದರು. ಊರ ಮುಖ್ಯಸ್ಥ ಶೇಹಾನಿಗೆ ಶಾಲೆಗೆ ಹೊಸ ಮಾಡು ಹಾಕಿಸುತ್ತೇವೆ ಎಂದರು. ಶೇಹಾ ನನ್ನ ಮುಖ ನೋಡಿದ, ಊರೇ ನನ್ನ ಮುಖ ನೋಡಿತು. ಅವರಿಗೂ ಇದನ್ನೇ ಹೇಳಿದೆ. ಅವರು ಹೋದ ಮೇಲೆ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ನೀನು ಕೇಳಿದ್ದು ತಪ್ಪಲ್ಲ. ನಾನು ಕೊಡದೆ ಇರುವುದೂ ತಪ್ಪಲ್ಲ. ಇಬ್ಬರಿಗೂ ನೋವಾಗಿದೆ, ಅಷ್ಟೇ.

ಕೆಲಸ ಹೋದರೆ ಮನೆಗೆ ಬಾ. ಚಾಪೆ ಇದೆ.

ಅಮ್ಮ


ನುಂಗ್ವಿ
ಜುಲೈ 24

ಅಮ್ಮ,

ಎಲ್ಲ ಚೆನ್ನಾಗಿ ನಡೆಯಿತು. ಜನವೋ ಜನ. ಆಕ್ಟೋಪಸ್ ಎಲ್ಲಿಂದಲೋ ತರಿಸಿದರು. ಜಾಗ ನನ್ನದಾಯಿತು. ಮುಂದಿನ ತಿಂಗಳು ಮನೆ ಕೊಡುತ್ತಾರೆ. ಫೋನು ವಾಪಸು ಕೊಟ್ಟಿದ್ದಾರೆ, ನೀನೂ ಒಂದು ತೆಗೆದುಕೋ ಎಂದರೆ ಕೇಳುವವಳಲ್ಲ. ರುಜುನಾಳಿಗೆ ಒಂದು ಅಂಗಿ ಕಳಿಸಿದ್ದೇನೆ, ಅಳತೆ ಸರಿಯೋ ಇಲ್ಲವೋ. ಅವಳಿಗೆ ಎಷ್ಟು ಬೆನ್ನಗಲ ಎಂದು ನೆನಪಿಗೆ ಬರಲಿಲ್ಲ.

ಇಲ್ಲಿ ತುಂಬ ಕೆಲಸ. ಕೆಲವು ದಿನ ಬರೆಯದಿದ್ದರೆ ತಪ್ಪು ತಿಳಿಯಬೇಡ.

ಜಮ್ದಾ


ಮ್ವಾಂಬಾನಿ
ಜುಲೈ 29, ಸೋಮವಾರ

ಜಮ್ದಾ,

ಅಂಗಿ ಸಣ್ಣದಾಯಿತು. ಆದರೂ ಅದನ್ನೇ ಹಾಕಿಕೊಂಡಿದ್ದಾಳೆ, ಬೆನ್ನಿನ ಗುಂಡಿ ಹಾಕದೆ.

ಶನಿವಾರ ತಾತುವಿನ ಅಳಿಯ ಪಟ್ಟಣದಿಂದ ಬಂದ. ಅಂಗಡಿ ಜಗಲಿಯ ಮೇಲೆ ಫೋನಿನಲ್ಲಿ ನಿನ್ನನ್ನು ತೋರಿಸಿದ. ಊರೆಲ್ಲ ಸೇರಿತ್ತು. ನನ್ನನ್ನೂ ಕರೆದರು, ನಾನು ನೆಟ್ಟಗೆ ಹೋಗಿ ಮುಂದೆ ನಿಂತೆ, ಮಗಳನ್ನು ನೋಡುವ ಆಸೆಗೆ. ಬಿಳಿ ಬಟ್ಟೆಯಲ್ಲಿ ಚೆನ್ನಾಗಿ ಕಾಣುತ್ತೀಯ. ಶೆಫ್ ನಿನ್ನ ಹೆಗಲ ಮೇಲೆ ಕೈ ಹಾಕಿದ್ದ. ನೀನು ನಮ್ಮ ಮಾತಿನಲ್ಲೇ ಹೇಳಿದೆ: "ಇದು ನಮ್ಮಮ್ಮನ ದಿಬ್ಬದ್ದು. ಇವತ್ತು ಬೆಳಿಗ್ಗೆ ನಮ್ಮಮ್ಮ ಕೈಯಾರೆ ಹಿಡಿದು ಕಳ್ಸಿದ್ದು." ನಿನ್ನ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸುಳ್ಳು ಹೇಳುವಾಗ ನೀನು ಕತ್ತು ಸವರಿಕೊಳ್ಳುತ್ತೀಯ. ಅದು ನನಗೊಬ್ಬಳಿಗೇ ಗೊತ್ತು, ಊರಿಗೆ ಗೊತ್ತಿಲ್ಲ.

ಆಮೇಲೆ ತಾತು ಶುರು ಮಾಡಿದಳು. "ಬೇಲಿನೇ ಎದ್ದು ಹೊಲ ಮೇದ್ರೆ ಇನ್ನು ಕಾಯೋರ್ಯಾರು? ನಮಗೆ ಮೊಟ್ಟೆ ಮೊಟ್ಟೆ ಅಂತ ಕಥೆ ಹೇಳಿ, ನಮ್ಮನ್ನೆಲ್ಲ ಮನೇಲಿ ಕೂರ್ಸಿ, ಮಗಳಿಗೆ ಕಳ್ಸಿದ್ಯಲ್ಲೇ ಮೀಜೆ! ನಾನು ನಿನ್ನ ಜೊತೇಲೇ ನಿಂತು ನೋಡಿದ್ನಲ್ಲ, ನನ್ನ ಬಾಯಿಗೇ ಮಣ್ಣು ಹಾಕಿದ್ಯಲ್ಲ!" ತಗಡಿನವಳು ನನ್ನ ಕಾಲ ಹತ್ತಿರ ಉಗುಳಿದಳು. ಶೇಹಾ ಬಂದು, "ಹೇಳು ಮೀಜೆ, ಹೌದಾ ಅಲ್ವಾ?" ಎಂದ.

ನಾನು ಬಾಯಿ ಬಿಡಲಿಲ್ಲ.

ಅಲ್ಲ ಎಂದರೆ, ನನ್ನ ಮಗಳು ಜಗತ್ತಿನ ಎದುರು ಸುಳ್ಳು ಹೇಳಿದಳು ಎಂದಾಗುತ್ತದೆ. ಆ ಮಾತು ಫೋನಿನಿಂದ ಫೋನಿಗೆ ಹೋಗಿ ನಿನ್ನ ಶೆಫ್‌ಗೆ ಮುಟ್ಟಲು ಎಷ್ಟು ಹೊತ್ತು? ಬಾಯಿ ಬಿಟ್ಟರೆ ನಿನ್ನ ಅನ್ನ ಹೋಗುತ್ತದೆ, ಮುಚ್ಚಿದರೆ ನನ್ನ ಮಾನ ಹೋಗುತ್ತದೆ. ಮಾನ ನನ್ನದು, ಹೇಗೋ ಮಾಡಿಕೊಳ್ಳುತ್ತೇನೆ ಎಂದುಕೊಂಡೆ. ಆದರೆ ಇದು ನಾನು ತಿಳಿದಷ್ಟು ಹಗುರವಾಗಿಲ್ಲ. ಬಾವಿಕಟ್ಟೆಗೆ ಹೋದರೆ ಎಲ್ಲರೂ ಕೊಡ ಎತ್ತಿಕೊಂಡು ಎದ್ದು ಹೋಗುತ್ತಾರೆ. ರುಜುನಾಳನ್ನು ಆಟಕ್ಕೆ ಸೇರಿಸುತ್ತಿಲ್ಲ, ಅವಳ ಅಜ್ಜಿ ಕಳ್ಳಿ ಎಂದು.

ಶುಕ್ರವಾರ ನಮಾಜಿನ ನಂತರ ಸಭೆ. ನನ್ನನ್ನು ಸಮಿತಿಯಿಂದ ತೆಗೆಯುತ್ತಾರೆ, ಅದಿರಲಿ. ಎರಡು ವರ್ಷ ದಿಬ್ಬದ ಮೇಲೆ ಕಾಲಿಡಬಾರದು ಎನ್ನುತ್ತಾರಂತೆ. ಏಳನೇ ವಯಸ್ಸಿನಿಂದ ತುಳಿದ ದಿಬ್ಬ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. "ಹೇಗೂ ಕದ್ದು ಮೇದಾಗಿದೆ, ಇನ್ನೇನು ಕಾಯೋದು" ಎಂದು ಬರುವ ಸೋಮವಾರ, ಅಮಾವಾಸ್ಯೆಯ ಇಳಿತಕ್ಕೇ ತೆರೆಯಬೇಕೆಂದು ಗುಂಪು ಕಟ್ಟಿದ್ದಾರೆ. ಮೊಟ್ಟೆಗಳು ಇನ್ನೂ ಒಡೆದಿಲ್ಲ.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಇಷ್ಟು ಸಿಟ್ಟು ನಿಮ್ಮಪ್ಪನ ಮೇಲೂ ಬಂದಿರಲಿಲ್ಲ. ಹಾಗೆಂದು ನಿನ್ನನ್ನು ಏನೂ ಕೇಳುತ್ತಿಲ್ಲ. ಮನೆ ಸಿಕ್ಕಿದ ಮೇಲೆ ಬಂದು ಮಗುವನ್ನು ಕರೆದುಕೊಂಡು ಹೋಗು. ಇಲ್ಲಿ ಅವಳಿಗೆ ಈಗ ಆಟವಿಲ್ಲ.

ಮೀಜೆ


ನುಂಗ್ವಿ
ಆಗಸ್ಟ್ 1, ಗುರುವಾರ

ಮ್ವಾಂಬಾನಿಯ ಶೇಹಾ ಅವರಿಗೆ, ದಿಬ್ಬದ ಸಮಿತಿಯ ಹೆಂಗಸರಿಗೆ, ಊರಿನ ಹಿರಿಯರಿಗೆ, ಜಮ್ದಾ ಸಿಮಾಯಿಯ ಸಲಾಂ.

ಇದನ್ನು ಶುಕ್ರವಾರದ ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಅಮ್ಮನ ಕೈಗೆ ಕೊಡಬೇಡಿ, ಕೊಟ್ಟರೆ ಅವಳು ಹರಿದು ಒಲೆಗೆ ಹಾಕುತ್ತಾಳೆ. ಮಕಾಮೆ ಮಾವನಿಗೆ ದಾರಿಯಲ್ಲೇ ಓದಿಕೋ ಎಂದು ನಾನೇ ಹೇಳಿದ್ದೇನೆ. ಗಾಡಿಯಲ್ಲಿ ಕೂತವರಿಗೆಲ್ಲ ಹೇಳಲಿ.

ಜುಲೈ 22ರಂದು ನಾನು ಬೇಯಿಸಿದ ಆಕ್ಟೋಪಸ್ ನಮ್ಮ ದಿಬ್ಬದ್ದಲ್ಲ. ನಮ್ಮ ದ್ವೀಪದ್ದೂ ಅಲ್ಲ. ಅದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ವಿಮಾನದಲ್ಲಿ ಬಂದದ್ದು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಕಿತ್ತು ಈ ಕಾಗದದ ಹಿಂದೆ ಅಂಟಿಸಿದ್ದೇನೆ. ಯಾವ ದೇಶ ಎಂದು ಮೇಷ್ಟರು ಓದಿ ಹೇಳುತ್ತಾರೆ. ಹಿಡಿದ ತಿಂಗಳು ಜನವರಿ ಎಂದಿದೆ. ಜನವರಿಯಲ್ಲಿ ನಾವಿನ್ನೂ ದಿಬ್ಬ ಮುಚ್ಚಿರಲೇ ಇಲ್ಲ.

ಪೆಟ್ಟಿಗೆ ಒಡೆದಾಗ ನಾನು ಶೆಫ್‌ಗೆ, "ನಮ್ಮಮ್ಮನ ಹೆಸರು ಪಟ್ಟಿಯಿಂದ ತೆಗೀರಿ" ಎಂದೆ. ಅವರು ನಕ್ಕು, "ಜನ ಬರೋದು ಕಥೆ ತಿನ್ನೋಕೆ ಜಮ್ದಾ, ಆಕ್ಟೋಪಸ್ ಎಲ್ಲಾ ಕಡೆ ಸಿಗತ್ತೆ" ಎಂದರು. ಕ್ಯಾಮೆರಾ ಬಂತು. ಅವರು ಹೇಳಿಕೊಟ್ಟಿದ್ದು ದಿಬ್ಬದ ಹೆಸರು ಮಾತ್ರ. ಅಮ್ಮ ಬೆಳಿಗ್ಗೆ ಕೈಯಾರೆ ಹಿಡಿದಳು ಎನ್ನುವುದನ್ನು ನಾನೇ ಸೇರಿಸಿದೆ. ಯಾಕೆ ಸೇರಿಸಿದೆನೋ, ಅವಳು ಕಳಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅನ್ನಿಸಿರಬೇಕು. ಆ ಮಾತು ಅವಳ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಮಗಳನ್ನು ಹತ್ತಿರ ಇಟ್ಟುಕೊಳ್ಳಬೇಕು ಎನ್ನುವುದೊಂದೇ ಕಣ್ಣ ಮುಂದಿತ್ತು. ನಾಚಿಕೆಯಾಗುತ್ತಿದೆ.

ಇವತ್ತು ಬೆಳಿಗ್ಗೆ ಫೋನಿನಲ್ಲಿ ನೀವು ನೋಡಿದ ಅದೇ ಚಿತ್ರದ ಕೆಳಗೆ ಇದನ್ನೆಲ್ಲ ಬರೆದು ಹಾಕಿದ್ದೇನೆ, ಯಾರು ಬೇಕಾದರೂ ನೋಡಬಹುದು. ಮಧ್ಯಾಹ್ನದೊಳಗೆ ನನ್ನನ್ನು ಕಳಿಸಿದರು. ಬಿಳಿ ಬಟ್ಟೆ ಒಗೆದು ಕೊಟ್ಟಾಯಿತು. ಆ ಮನೆ ಇನ್ನೊಬ್ಬಳಿಗೆ ಹೋಯಿತು, ಅವಳಿಗೂ ಮಕ್ಕಳಿದ್ದಾರೆ.

ತಾತು ಅವರೇ, ನೀವು ಅವಳ ಜೊತೆ ನಿಂತು ನೋಡಿದವರು. ಒಂಬತ್ತು ಬಿಲ ನಿಮ್ಮ ಕಣ್ಣಾರೆ ಕಂಡದ್ದು. ಸೋಮವಾರ ಕೋಲು ಹಿಡಿಯುವ ಮುಂಚೆ ಅದನ್ನು ಸಭೆಗೆ ಹೇಳಿ.

ದಂಡ ಹಾಕುವುದಿದ್ದರೆ ನನಗೆ ಹಾಕಿ. ಎರಡು ವರ್ಷವಲ್ಲ, ಬದುಕಿರುವ ತನಕ ದಿಬ್ಬದ ಮೇಲೆ ಕಾಲಿಡಬೇಡ ಎಂದರೂ ಇಡುವುದಿಲ್ಲ. ಆದರೆ ಅಮ್ಮನ ಬಗ್ಗೆ ಒಂದು ಮಾತು ಕೇಳಿ. ನಾನು ಅವಳಿಗೆ ಕಾಗದ ಬರೆದು ಬೇಡಿದ್ದೆ. ಊರಿಗೆ ತೆರೆಯಬೇಡ, ನೀನೊಬ್ಬಳೇ ಹೋಗು, ಯಾರೂ ನೋಡುವುದಿಲ್ಲ ಎಂದು ಬೇಡಿದ್ದೆ. ಅವಳು ಹೆತ್ತದ್ದು ನನ್ನೊಬ್ಬಳನ್ನೇ.

ನನಗೂ ತೆರೆಯಲಿಲ್ಲ.

ಮೀಜೆ ಹಾಜಿ ಪಾಂಡು ಅವರ ಮಗಳು,
ಜಮ್ದಾ